ಏಳು ಜನ ಇದ್ರೆ ಮ್ಯಾಚ್ ಇದೆ

1/10

ನೇರವಾಗಿ ವಿಷಯಕ್ಕೆ ಬರ್ತೀನಿ. ನಮ್ಮ ಕಾಲೇಜ್ ಫುಟ್‌ಬಾಲ್ ಟೀಮ್ ಈ ವರ್ಷ 9 ಮ್ಯಾಚ್ ಆಡ್ತು. 8 ಸೋಲು, 1 ಡ್ರಾ. ಗೆದ್ದಿದ್ದು ಸೊನ್ನೆ. ಹೊಡೆದ ಗೋಲ್ 5, ಬಿಟ್ಟ ಗೋಲ್ 31. ಕ್ಲಾಸ್ ಗ್ರೂಪ್‌ನಲ್ಲಿ ಓಡಾಡ್ತಿರೋ ಮೀಮ್‌ನಲ್ಲಿ ಇರೋ ನಂಬರ್ ಕರೆಕ್ಟಾಗೇ ಇದೆ, ನಾನೇ ಟ್ಯಾಲಿ ಮಾಡಿ ನೋಡಿದೀನಿ. ಟೀಮ್‌ನ ಲೆಕ್ಕದ ಪುಸ್ತಕ ಇರೋದೇ ನನ್ನ ಹತ್ರ. ಆಡೋದು ಲೆಫ್ಟ್ ಬ್ಯಾಕ್, ಆದ್ರೆ ಬಿಕಾಂ ಅಂದ ತಕ್ಷಣ "ಲೆಕ್ಕ ನೀನೇ ಬರಿ" ಅಂತ ತಲೆಗೆ ಕಟ್ಟಿದ್ರು.

ಮೀಮ್ ಬಗ್ಗೆ ಬೇಜಾರಿಲ್ಲ. ಒಂದೆರಡು ನಿಜವಾಗ್ಲೂ ಚೆನ್ನಾಗಿವೆ. ಬೇಜಾರಿರೋದು ಬೇರೆ ವಿಷಯಕ್ಕೆ. ಮುಂದಿನ ವಾರ ಸ್ಪೋರ್ಟ್ಸ್ ಕಮಿಟಿ ಮೀಟಿಂಗ್ ಇದೆ. "ಮುಂದಿನ ವರ್ಷ ಫುಟ್‌ಬಾಲ್ ಬೇಡ, ಗೆಲ್ಲೋ ಆಟಗಳಿಗೆ ಆ ದುಡ್ಡು ಕೊಡೋಣ" ಅನ್ನೋ ಮಾತು ಅಲ್ಲಿ ಬರೋದು ಗ್ಯಾರಂಟಿ. ಈಗಾಗ್ಲೇ ಕಾರಿಡಾರ್‌ನಲ್ಲಿ ಬಂದಿದೆ. ಕಾರಣ ಕೇಳಿದ್ರೆ ಒಂದೇ ಲೈನ್: "ಗೆಲ್ತಾನೇ ಇಲ್ವಲ್ಲ."

ಈ ಹತ್ತು ಪೋಸ್ಟ್ ಆ ಒಂದು ಲೈನಿಗೆ ಉತ್ತರ. ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ "ಇವನ ಸ್ವಾರ್ಥ" ಅನ್ನಬಾರದು. ನಾನು ಫೈನಲ್ ಇಯರ್. ಟೀಮ್ ಉಳಿದ್ರೂ ಮುಂದಿನ ವರ್ಷ ಆ ಜೆರ್ಸಿ ಹಾಕೋದು ನಾನಲ್ಲ.

ಫೋಟೋ: ನಾಲ್ಕನೇ ಗೋಲ್ ಬಿದ್ದ ಮೇಲೆ ನಮ್ ಡಿಫೆನ್ಸ್. ಎಲ್ಲರೂ ಒಬ್ಬರ ಮುಖ ಒಬ್ರು ನೋಡ್ತಿದ್ದಾರೆ, ಬಾಲ್ ಯಾರೂ ನೋಡ್ತಿಲ್ಲ. ಜೂಮ್ ಮಾಡ್ಬೇಡಿ ಪ್ಲೀಸ್.

2/10

ಫುಟ್‌ಬಾಲ್ ರೂಲ್ ಬುಕ್‌ನಲ್ಲಿ ಒಂದು ನಿಯಮ ಇದೆ. ಮೂರನೇ ನಿಯಮ, ಆಟಗಾರರ ಸಂಖ್ಯೆ ಬಗ್ಗೆ. ಒಂದು ಟೀಮ್‌ನಲ್ಲಿ 11 ಜನ ಅಂತ ನಮಗೆಲ್ಲ ಗೊತ್ತು. ಆದ್ರೆ ಮ್ಯಾಚ್ ಶುರು ಮಾಡೋಕೆ 11 ಬೇಕೇ ಬೇಕು ಅಂತಿಲ್ಲ. 7 ಜನ ಇದ್ರೆ ಸಾಕು. ಯಾವುದಾದ್ರೂ ಟೀಮ್‌ನಲ್ಲಿ 7ಕ್ಕಿಂತ ಕಡಿಮೆ ಆದ್ರೆ ಮಾತ್ರ ಮ್ಯಾಚ್ ಶುರು ಮಾಡೋ ಹಾಗಿಲ್ಲ, ನಡೀತಿದ್ರೆ ಮುಂದುವರಿಸೋ ಹಾಗಿಲ್ಲ.

ಈ ನಿಯಮ ಓದಿದಾಗ ನನಗೆ ಒಂದು ವಿಷಯ ಹೊಳೀತು. ಇಡೀ ಪುಸ್ತಕದಲ್ಲಿ "ಹತ್ತು ಗೋಲ್ ಹಿಂದೆ ಬಿದ್ರೆ ಮ್ಯಾಚ್ ನಿಲ್ಲಿಸಿ" ಅಂತ ಎಲ್ಲೂ ಇಲ್ಲ. ಜನ ಇಲ್ಲ ಅಂದ್ರೆ ಆಟ ನಿಲ್ಲುತ್ತೆ. ಸೋಲ್ತಿದ್ದಾರೆ ಅಂತ ಆಟ ನಿಲ್ಲಲ್ಲ.

ಒಂದು ಕಾಲೇಜ್ ಟೀಮ್ ಇರಬೇಕಾ ಬೇಡ್ವಾ ಅನ್ನೋಕೂ ಅಳತೆ ಇದೇ ಆಗಬೇಕು ಅನ್ನೋದು ನನ್ನ ವಾದ. ಹುಡುಗರು ಬರ್ತಿದ್ದಾರಾ? ಬೆಳಿಗ್ಗೆ ಆರಕ್ಕೆ ಗ್ರೌಂಡ್‌ನಲ್ಲಿ ಇದ್ದಾರಾ? ಬರ್ತಿಲ್ಲ ಅಂದ್ರೆ ಮುಚ್ಚಿ, ನಾನೇ ಸೈನ್ ಹಾಕ್ತೀನಿ. ಬರ್ತಿದ್ದಾರೆ ಅಂದ್ರೆ, ಸೋತ್ರು ಅನ್ನೋದೊಂದೇ ಕಾರಣಕ್ಕೆ ಮುಚ್ಚೋದು ತಪ್ಪು.

ನಮ್ಮ ಲೆಕ್ಕ ಇಲ್ಲಿದೆ. ಟೀಮ್‌ನಲ್ಲಿ 16 ಜನ. 9 ಮ್ಯಾಚ್‌ಗಳಲ್ಲಿ ಒಂದರಲ್ಲೂ 11ಕ್ಕಿಂತ ಕಡಿಮೆ ಜನ ಬಂದಿಲ್ಲ. ಒಂದೇ ಒಂದು ಸಲ ಕರೆಕ್ಟಾಗಿ 11, ಬೆಂಚಲ್ಲಿ ಯಾರೂ ಇಲ್ಲ. ಅವತ್ತು ಮರುದಿನ ಇಂಟರ್ನಲ್ಸ್ ಇತ್ತು. ಸೆಕೆಂಡ್ ಹಾಫ್‌ನಲ್ಲಿ ಒಬ್ಬನಿಗೆ ಕಾಲು ಹಿಡ್ಕೊಂಡು 10 ಜನ ಆಡಿದ್ವಿ. 0-3. ಯಾರೂ ಗ್ರೌಂಡ್ ಬಿಟ್ಟು ಹೋಗ್ಲಿಲ್ಲ. ಆ ಹುಡುಗ ಕೂಡ ಲೈನ್ ಹೊರಗೆ ಕೂತು ಕೂಗ್ತಾನೇ ಇದ್ದ.

3/10

ಈಗ ಸೋಲಿನ ಬಗ್ಗೆ. ಮುಚ್ಚುಮರೆ ಏನಿಲ್ಲ, ಎಲ್ಲ ಸ್ಕೋರ್ ಕೆಳಗಿದೆ, ಆಡಿದ ಕ್ರಮದಲ್ಲೇ.

ಇಂಟರ್ ಕಾಲೇಜ್ ನಾಕೌಟ್: 0-5. ಮೊದಲ ರೌಂಡಲ್ಲೇ ಮನೆಗೆ.
ಮೊದಲನೇ ಫೆಸ್ಟ್ ಟೂರ್ನಿ: 0-4, 1-6, 0-3.
ಎರಡನೇ ಫೆಸ್ಟ್ ಟೂರ್ನಿ: 1-4, 0-3, 1-1.
ಫ್ರೆಂಡ್ಲಿ: 1-3, 1-2.

ಒಟ್ಟು ನೋಡಿದ್ರೆ 5-31, ನಗು ಬರೋ ನಂಬರ್. ಆದ್ರೆ ಎರಡು ಭಾಗ ಮಾಡಿ ನೋಡಿ. ಮೊದಲ 5 ಮ್ಯಾಚ್‌ನಲ್ಲಿ ಬಿಟ್ಟ ಗೋಲ್ 22. ಅಂದ್ರೆ ಮ್ಯಾಚಿಗೆ ನಾಲ್ಕೂವರೆ ಹತ್ರ. ಕೊನೆಯ 4 ಮ್ಯಾಚ್‌ನಲ್ಲಿ 9. ಅಂದ್ರೆ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಹೊಡೆದ 5 ಗೋಲ್‌ನಲ್ಲಿ 3 ಬಂದಿದ್ದು ಕೊನೆಯ ಮೂರು ಮ್ಯಾಚ್‌ನಲ್ಲಿ.

ಎದುರಾಳಿಗಳು ಸುಲಭ ಇದ್ರು ಅಂತೀರಾ? ಫ್ರೆಂಡ್ಲಿ ಆಡಿದ ಎರಡು ಟೀಮ್‌ಗಳಲ್ಲಿ ಒಂದು, ನಮಗೆ ಮೊದಲ ಫೆಸ್ಟ್‌ನಲ್ಲಿ 6 ಹೊಡೆದಿದ್ದ ಟೀಮೇ. ಎರಡನೇ ಸಲ ಅವರು ಹೊಡೆದಿದ್ದು 2.

ನಾವು ಒಳ್ಳೆ ಟೀಮ್ ಅಂತ ನಾನು ಹೇಳ್ತಿಲ್ಲ. ಅಲ್ಲ. ಮಿಡ್‌ಫೀಲ್ಡ್‌ನಲ್ಲಿ ಬಾಲ್ ಇಟ್ಕೊಳ್ಳೋಕೆ ಬರಲ್ಲ, ಕಾರ್ನರ್ ಬಂದ್ರೆ ಎದೆ ಡವಗುಟ್ಟುತ್ತೆ. ಆದ್ರೆ ಜನವರಿಯ ಟೀಮ್ ಸೆಪ್ಟೆಂಬರ್‌ನ ಟೀಮ್ ಅಲ್ಲ. ಮುಚ್ಚೋಕೆ ಹೊರಟಿರೋದು ಸೆಪ್ಟೆಂಬರ್‌ನ ಟೀಮನ್ನ ನೋಡಿ. ಮುಚ್ಚಿಹೋಗೋದು ಮಾತ್ರ ಜನವರಿಯ ಟೀಮ್.

4/10

ಮಧ್ಯದಲ್ಲಿ ಏನಾಯ್ತು? ಏನೂ ಮ್ಯಾಜಿಕ್ ಇಲ್ಲ. ಗ್ರೌಂಡ್ ಸಿಕ್ತು.

ಮೊದಲ ಐದು ಮ್ಯಾಚ್‌ವರೆಗೆ ನಮ್ಮ ಪ್ರಾಕ್ಟೀಸ್ ಅಂದ್ರೆ ವಾರಕ್ಕೊಂದು ಗಂಟೆ ಟರ್ಫ್. ವಿಜಯನಗರ, ನಾಗರಭಾವಿ, ಬಸವೇಶ್ವರನಗರ, ಎಲ್ಲಿ ನೋಡಿದ್ರೂ ಈಗ ಬಲೆ ಕಟ್ಟಿ ಲೈಟ್ ಹಾಕಿದ ಟರ್ಫ್‌ಗಳಿವೆ. ಆಡೋಕೆ ಮಜಾ, ಒಪ್ತೀನಿ. ಆದ್ರೆ ಟರ್ಫ್ ಫುಟ್‌ಬಾಲ್ ಬೇರೆ, ಗ್ರೌಂಡ್ ಫುಟ್‌ಬಾಲ್ ಬೇರೆ.

ಟರ್ಫ್‌ನಲ್ಲಿ ಐದೈದು ಜನ. ಆಫ್‌ಸೈಡ್ ಇಲ್ಲ. ಬಾಲ್ ಗೋಡೆಗೋ ಬಲೆಗೋ ಬಡಿದು ವಾಪಸ್ ಬರುತ್ತೆ. ಫುಲ್ ಗ್ರೌಂಡ್ ಉದ್ದ ಕಮ್ಮಿ ಅಂದ್ರೂ 90 ಮೀಟರ್. ಗೋಲ್ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಟರ್ಫ್ ಗೋಲ್ ಅದರ ಮುಂದೆ ಮನೆ ಕಿಟಕಿ ಥರ. ಅಲ್ಲಿ ನಿಂತು ಅಭ್ಯಾಸ ಮಾಡಿದ ಕೀಪರ್‌ನ ಏಕಾಏಕಿ ದೊಡ್ಡ ಗೋಲ್‌ನಲ್ಲಿ ನಿಲ್ಲಿಸಿದ್ರೆ ತಲೆ ಮೇಲಿಂದ ಹೋಗೋ ಬಾಲ್ ಹಿಡಿಯೋದು ಹೇಗೆ? ನಮ್ ಕೀಪರ್ ಫಸ್ಟ್ ಇಯರ್ ಹುಡುಗ. ಮೊದಲ ಮ್ಯಾಚ್‌ನ 5 ಗೋಲ್‌ನಲ್ಲಿ 3 ಅವನ ಕೈಗೆ ಎಟುಕದ ಎತ್ತರದಲ್ಲಿ ಹೋದವು. ಡಿಫೆನ್ಸ್‌ಗೂ ಅಷ್ಟೇ. ಆಫ್‌ಸೈಡ್ ಲೈನ್ ಹಿಡಿಯೋದನ್ನ ಯೂಟ್ಯೂಬ್ ನೋಡಿ ಕಲಿಯೋಕಾಗಲ್ಲ. ನಾಲ್ಕು ಜನ ಒಟ್ಟಿಗೆ ನಿಂತು, ಒಬ್ಬ ಕೂಗಿದ ತಕ್ಷಣ ಒಟ್ಟಿಗೆ ಮುಂದೆ ಬರಬೇಕು. ಅದಕ್ಕೆ ಜಾಗ ಬೇಕು.

ಐದನೇ ಮ್ಯಾಚ್ ಆದ್ಮೇಲೆ ನಮ್ ಕ್ಯಾಪ್ಟನ್ ಒಂದು ಕಾರ್ಪೊರೇಷನ್ ಗ್ರೌಂಡ್‌ನಲ್ಲಿ ದಿನಾ ವಾಕಿಂಗ್ ಬರೋ ಅಂಕಲ್‌ಗಳ ಹತ್ರ ಹೋಗಿ ಮಾತಾಡಿದ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರರಿಂದ ಏಳೂಕಾಲು, ಕ್ರಿಕೆಟ್‌ನವರು ಬರೋದ್ರೊಳಗೆ ಮುಗಿಸಬೇಕು. ಅಲ್ಲಿಂದ ಸೀಸನ್ ಮುಗಿಯೋವರೆಗೆ 18 ಪ್ರಾಕ್ಟೀಸ್ ಆಯ್ತು. ತೀರಾ ಕಮ್ಮಿ ಜನ ಬಂದ ದಿನ 9. ಸಾಮಾನ್ಯವಾಗಿ 13 ಜನ ಇರ್ತಿದ್ರು. ಮೂರನೇ ಪೋಸ್ಟ್‌ನ ಆ ವ್ಯತ್ಯಾಸಕ್ಕೆ ಕಾರಣ ಈ 18 ಬೆಳಗ್ಗೆಗಳು.

5/10

ಗ್ರೌಂಡ್ ಸಿಗೋದು ಯಾಕೆ ಇಷ್ಟು ಕಷ್ಟ ಅಂತ ಬೇರೆ ಊರಿನವರು ಕೇಳಬಹುದು. ನಮ್ಮ ಕಡೆಯವರಿಗೆ ಗೊತ್ತು. ಭಾನುವಾರ ಬೆಳಿಗ್ಗೆ ರಾಜಾಜಿನಗರದ್ದೋ ವಿಜಯನಗರದ್ದೋ ಯಾವುದೇ ಗ್ರೌಂಡಿಗೆ ಹೋಗಿ. ಒಂದೇ ಗ್ರೌಂಡ್‌ನಲ್ಲಿ ಐದಾರು ಕ್ರಿಕೆಟ್ ಮ್ಯಾಚ್. ಇವರ ಲಾಂಗ್ ಆನ್ ಅಂದ್ರೆ ಅವರ ಸ್ಲಿಪ್. ಅದರ ಮಧ್ಯೆ ಎರಡು ಗೋಲ್‌ಪೋಸ್ಟ್ ನಿಲ್ಲಿಸ್ತೀವಿ ಅಂದ್ರೆ ಯಾರು ಬಿಡ್ತಾರೆ?

ಬೆಂಗಳೂರಿನ ಫುಟ್‌ಬಾಲ್ ಬೆಳೆದಿದ್ದು ಊರಿನ ಆ ಕಡೆ. ದಂಡು ಪ್ರದೇಶ, ಬ್ರಿಟಿಷ್ ಸೈನಿಕರು, ಅವರನ್ನ ನೋಡ್ತಾ ಕಲಿತ ಸುತ್ತಲಿನ ಹುಡುಗರು. ಆಸ್ಟಿನ್ ಟೌನ್, ಹಲಸೂರು, ಗೌತಮಪುರ. ಗೌತಮಪುರದಲ್ಲಿ ಪೆಲೆ ಪ್ರತಿಮೆನೇ ಇದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನೋ ಟೀಮ್ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. ಅಲ್ಲಿವರೆಗೂ ಆ ಕಪ್ ಗೆದ್ದ ಭಾರತೀಯ ಟೀಮೇ ಇರಲಿಲ್ಲ. ಮರುವರ್ಷ ಮತ್ತೆ ಗೆದ್ರು.

ಪಶ್ಚಿಮದ ಕಥೆ ಬೇರೆ. ನಮ್ಮದು ಬಿನ್ನಿ ಮಿಲ್ಲು, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟು, ಕಾಮಾಕ್ಷಿಪಾಳ್ಯದ ಲೇತ್ ಶಾಪು, ಕೆಂಗೇರಿ ಆಚೆಯ ಹೊಸ ಲೇಔಟು. ಇಲ್ಲಿ ಹುಟ್ಟಿದ ಹುಡುಗನ ಕೈಗೆ ಮೊದಲು ಸಿಗೋದು ಟೆನಿಸ್ ಬಾಲ್. ಫುಟ್‌ಬಾಲ್ ಸಿಗೋದು ಎಷ್ಟೋ ಜನಕ್ಕೆ ಕಾಲೇಜಿಗೆ ಬಂದ ಮೇಲೇ. ನಮ್ಮ 16ರಲ್ಲಿ 6 ಜನ ಕಾಲೇಜಿಗೆ ಬರೋ ತನಕ ಸ್ಟಡ್ ಇರೋ ಶೂ ಹಾಕಿದವರಲ್ಲ.

ಆದ್ದರಿಂದ ಆ ಕಡೆಯ ಕಾಲೇಜುಗಳ ಜೊತೆ ನಮ್ಮನ್ನ ಹೋಲಿಸುವಾಗ ಒಂದು ವಿಷಯ ನೆನಪಿರಲಿ. ಅಲ್ಲಿನ ಹುಡುಗ ಕಾಲೇಜಿಗೆ ಬರೋಷ್ಟರಲ್ಲಿ ಹತ್ತು ವರ್ಷ ಆಡಿರ್ತಾನೆ. ನಮ್ಮವನು ಹತ್ತು ತಿಂಗಳು. ಇಲ್ಲಿ ಕಾಲೇಜ್ ಟೀಮೇ ಅವನ ಮೊದಲ ಟೀಮ್. ಅದನ್ನೂ ತೆಗೆದ್ರೆ ಈ ಭಾಗದ ಹುಡುಗ ಫುಟ್‌ಬಾಲ್ ಕಲಿಯೋದು ಎಲ್ಲಿ? ಮೊಬೈಲ್‌ನಲ್ಲಾ?

6/10

ಸೋಲಿನ ವಿಷಯದಲ್ಲಿ ಬೆಂಗಳೂರು ಫುಟ್‌ಬಾಲ್‌ಗೆ ಒಳ್ಳೆ ಇತಿಹಾಸ ಇದೆ. ತಮಾಷೆ ಅಲ್ಲ, ಕೇಳಿ.

31 ಜುಲೈ 1948, ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಮ್ಯಾಚ್, ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡ್ತಿದ್ರು. ಎರಡು ಪೆನಾಲ್ಟಿ ಸಿಕ್ತು, ಎರಡೂ ಮಿಸ್. ಫ್ರಾನ್ಸ್ 1-0 ಮುಂದೆ ಇದ್ದಾಗ ಗೋಲ್ ಹೊಡೆದು ಸಮ ಮಾಡಿದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಕೊನೇ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದುಬಿಡ್ತು.

ಅಂದ್ರೆ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲ್ ಬಂದಿದ್ದು ಸೋತ ಮ್ಯಾಚ್‌ನಲ್ಲಿ. ಹೊಡೆದಿದ್ದು ನಮ್ಮೂರಿನವರು. ಮ್ಯಾಚ್ ಸೋತ್ರು ಅಂತ ಆ ಗೋಲನ್ನ ಯಾರೂ ಲೆಕ್ಕದಿಂದ ತೆಗೆದಿಲ್ಲ.

ಇನ್ನೊಂದು. ಸಂತೋಷ್ ಟ್ರೋಫಿ ರಾಜ್ಯ ರಾಜ್ಯಗಳ ನಡುವಿನ ಟೂರ್ನಿ. ಮೈಸೂರು ರಾಜ್ಯ ಅಂತ ಇದ್ದಾಗ ನಾವು ಅದನ್ನ ನಾಲ್ಕು ಸಲ ಗೆದ್ದಿದ್ವಿ, ಕೊನೆಯದು 1968-69ರ ಸೀಸನ್‌ನಲ್ಲಿ. ಆಮೇಲೆ? ರಾಜ್ಯದ ಹೆಸರು ಕರ್ನಾಟಕ ಅಂತ ಬದಲಾಯ್ತು, ಟಿವಿ ಬಂತು, ಮೊಬೈಲ್ ಬಂತು, ನಮ್ಮ ಮೆಟ್ರೋ ಬಂತು. ಟ್ರೋಫಿ ಮಾತ್ರ ಬರಲಿಲ್ಲ. 4 ಮಾರ್ಚ್ 2023ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನ 3-2ರಲ್ಲಿ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. 54 ವರ್ಷ.

ಮಧ್ಯದ ಅಷ್ಟೂ ವರ್ಷ ಟ್ರೋಫಿ ಇಲ್ಲದೇ ವಾಪಸ್ ಬಂದ ಟೀಮ್‌ಗಳಿವೆ ನೋಡಿ, ಅವರ ಹೆಸರು ನಮಗೆ ಗೊತ್ತಿಲ್ಲ. ಆದ್ರೆ ಯಾವುದೋ ಒಂದು ವರ್ಷ "ಗೆಲ್ತಾನೇ ಇಲ್ವಲ್ಲ, ಬಿಡಿ" ಅಂತ ಯಾರಾದ್ರೂ ಬಾಗಿಲು ಹಾಕಿದ್ದಿದ್ರೆ 2023 ಎಲ್ಲಿಂದ ಬರ್ತಿತ್ತು?

7/10

"ಅದೆಲ್ಲ ಹಳೇ ಕಥೆ ಗುರು" ಅನ್ನೋರಿಗೆ ಹೊಸ ಕಥೆ.

ಬೆಂಗಳೂರು ಎಫ್‌ಸಿ. 2013ರಲ್ಲಿ ಶುರು, ಮೊದಲ ಸೀಸನ್‌ನಲ್ಲೇ ಐ-ಲೀಗ್ ಚಾಂಪಿಯನ್. 2019ರಲ್ಲಿ ಐಎಸ್‌ಎಲ್ ಕಪ್. ನಮ್ಮ ಪರ್ಪಲ್ ಲೈನ್ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಕಂಠೀರವಕ್ಕೆ ಹೋಗಿ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗಿದವರು ಇದನ್ನ ಓದ್ತಿರೋರಲ್ಲೇ ಎಷ್ಟೋ ಜನ ಇದೀರ. 2023-24ರ ಸೀಸನ್ ನೆನಪಿದೆಯಾ? 12 ಟೀಮ್‌ಗಳ ಲೀಗ್‌ನಲ್ಲಿ 10ನೇ ಸ್ಥಾನ. ಮುಂಬೈ ಬಂದು ನಮ್ಮ ಮನೆಯಲ್ಲೇ 4-0 ಹೊಡೆದು ಹೋಯ್ತು. ಡಿಸೆಂಬರ್‌ನಲ್ಲಿ ಕೋಚ್ ಬದಲಾದ್ರು. ಆದ್ರೆ ಟೀಮ್ ಇತ್ತು. ಮರುವರ್ಷ ಅದೇ ಕ್ಲಬ್ ಲೀಗ್‌ನಲ್ಲಿ 3ನೇ ಸ್ಥಾನಕ್ಕೆ ಬಂದು, 12 ಏಪ್ರಿಲ್ 2025ರಂದು ಕೊಲ್ಕತ್ತಾದಲ್ಲಿ ಫೈನಲ್ ಆಡ್ತು. ಅದನ್ನೂ ಎಕ್ಸ್‌ಟ್ರಾ ಟೈಮ್‌ನಲ್ಲಿ 2-1ಕ್ಕೆ ಸೋತ್ರು, ನಿಜ. ಆದ್ರೆ ಹತ್ತನೇ ಸ್ಥಾನದಿಂದ ಫೈನಲ್‌ಗೆ ಬೇಕಾಗಿದ್ದು ಒಂದೇ ವರ್ಷ.

ಅವರ ದುಡ್ಡೆಲ್ಲಿ, ನಮ್ಮ ದುಡ್ಡೆಲ್ಲಿ, ಗೊತ್ತು. ಹಾಗಾಗಿ ಬಾಗಿಲು ಹಾಕಿದ ಒಂದು ಕ್ಲಬ್‌ನ ಕಥೆಯನ್ನೂ ಹೇಳ್ತೀನಿ. ಪಂಜಾಬಿನ ಫಗ್ವಾಡಾದ ಜೆಸಿಟಿ. ಒಂದು ಮಿಲ್‌ನ ಟೀಮ್. ದೇಶದ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ನಡೆದಿದ್ದು 1996-97ರಲ್ಲಿ, ಗೆದ್ದಿದ್ದು ಜೆಸಿಟಿ. ಬೈಚುಂಗ್ ಭುಟಿಯಾ ಆಗ ಆ ಟೀಮ್‌ನಲ್ಲಿದ್ರು. ನಮ್ಮ ಬೆಂಗಳೂರಿನ ಕ್ಯಾಪ್ಟನ್ ಆದ ಸುನಿಲ್ ಛೆಟ್ರಿ ಕೂಡ 20ರ ಆಸುಪಾಸಿನಲ್ಲಿ ಅಲ್ಲೇ ಆಡಿದವರು. 2011ರಲ್ಲಿ ಐ-ಲೀಗ್‌ನಿಂದ ಕೆಳಗೆ ಬಿದ್ರು. ಅದೇ ವರ್ಷ ಕ್ಲಬ್ಬನ್ನೇ ಮುಚ್ಚಿದ್ರು.

ಕೆಟ್ಟ ಸೀಸನ್ ಎರಡೂ ಕಡೆ ಇತ್ತು. ಒಬ್ಬರಿಗೆ ಅದರ ಮುಂದಿನ ಸೀಸನ್ ಸಿಕ್ತು, ಇನ್ನೊಬ್ಬರಿಗೆ ಸಿಗಲಿಲ್ಲ. ವ್ಯತ್ಯಾಸ ಅಷ್ಟೇ.

8/10

ಈಗ ನಮ್ಮ 31 ಗೋಲ್ ವಿಷಯ. 31 ಅನ್ನೋ ನಂಬರ್‌ಗೆ ಫುಟ್‌ಬಾಲ್ ಪ್ರಪಂಚದಲ್ಲಿ ದೊಡ್ಡ ಹೆಸರಿದೆ. ನಾವು 9 ಮ್ಯಾಚ್‌ನಲ್ಲಿ ಬಿಟ್ಟಿದ್ದನ್ನ ಅಮೆರಿಕನ್ ಸಮೋವಾ ಅನ್ನೋ ಪುಟ್ಟ ದ್ವೀಪದ ಟೀಮ್ ಒಂದೇ ಮ್ಯಾಚ್‌ನಲ್ಲಿ ಬಿಟ್ಟಿತ್ತು. 11 ಏಪ್ರಿಲ್ 2001, ವರ್ಲ್ಡ್ ಕಪ್ ಕ್ವಾಲಿಫೈಯರ್, ಆಸ್ಟ್ರೇಲಿಯಾ 31, ಅಮೆರಿಕನ್ ಸಮೋವಾ 0.

ಯಾಕೆ ಹಾಗಾಯ್ತು ಗೊತ್ತಾ? ಪಾಸ್‌ಪೋರ್ಟ್ ಸಮಸ್ಯೆಯಿಂದ ಅವರ ಮೇನ್ ಟೀಮ್‌ನಲ್ಲಿ ಒಬ್ಬನನ್ನ ಬಿಟ್ಟು ಉಳಿದವರು ಯಾರೂ ಆಡೋ ಹಾಗಿರಲಿಲ್ಲ. ಜೂನಿಯರ್ ಟೀಮ್‌ನಿಂದ ಹುಡುಗರನ್ನ ಕರೆಯೋಣ ಅಂದ್ರೆ ಹಲವರಿಗೆ ಸ್ಕೂಲ್ ಎಕ್ಸಾಮ್! ಇಂಟರ್ನಲ್ಸ್ ಹಿಂದಿನ ದಿನ ಮ್ಯಾಚ್ ಆಡಿದ ನಮಗೆ ಈ ನೋವು ಚೆನ್ನಾಗಿ ಅರ್ಥ ಆಗುತ್ತೆ. ಸಿಕ್ಕ ಹುಡುಗರನ್ನ ಸೇರಿಸ್ಕೊಂಡು ಆಡಿದ್ರು. ಉಳಿದಿದ್ದ ಆ ಒಬ್ಬ ಸೀನಿಯರ್ ಕೀಪರ್ ನಿಕಿ ಸಲಾಪು. 31 ಗೋಲ್ ಬಿದ್ದಿದ್ದು ಅವರ ಹಿಂದೆ.

ಹತ್ತು ವರ್ಷ ಆದ್ಮೇಲೆ, ನವೆಂಬರ್ 2011ರಲ್ಲಿ, ಅದೇ ಟೀಮ್ ಟೊಂಗಾವನ್ನ 2-1ರಲ್ಲಿ ಸೋಲಿಸ್ತು. ಫಿಫಾ ಮಾನ್ಯತೆಯ ಮ್ಯಾಚ್‌ನಲ್ಲಿ ಅವರ ಮೊದಲ ಗೆಲುವು. ಅವತ್ತೂ ಗೋಲ್‌ನಲ್ಲಿ ನಿಂತಿದ್ದು ಸಲಾಪು.

ಅಷ್ಟು ದೂರ ಬೇಡ ಅಂದ್ರೆ ಆರ್‌ಸಿಬಿಗೇ ಬನ್ನಿ. 2017ರಲ್ಲಿ 49ಕ್ಕೆ ಆಲೌಟ್, ಟೇಬಲ್‌ನಲ್ಲಿ ಕೊನೇ ಸ್ಥಾನ. ಅವತ್ತು ಆರ್‌ಸಿಬಿ ಮುಚ್ಚಿ ಅಂದ್ವಾ? ಮರುವರ್ಷ ಮತ್ತೆ "ಈ ಸಲ ಕಪ್ ನಮ್ದೇ" ಅಂತ ಕೂಗಿದ್ವಿ. 2008ರಿಂದ ಕಾದು, 18ನೇ ಸೀಸನ್‌ನಲ್ಲಿ, 3 ಜೂನ್ 2025ರಂದು ಕಪ್ ಬಂತು. ಕೋಟಿಗಟ್ಟಲೆ ದುಡ್ಡಿರೋ ಟೀಮ್‌ಗೆ 18 ಸೀಸನ್ ಕಾಯೋ ತಾಳ್ಮೆ ನಮ್ಮೂರಿಗಿದೆ. ಪಕ್ಕದ ಬೆಂಚಲ್ಲಿ ಕೂರೋ ಹುಡುಗನ ಟೀಮ್‌ಗೆ ಎರಡನೇ ಸೀಸನ್ ಕೊಡೋಕೆ ಆಗಲ್ವಾ?

9/10

ಮೀಟಿಂಗ್‌ನಲ್ಲಿ ಕೇಳೋದು ದುಡ್ಡಿನ ಪ್ರಶ್ನೆ. ಲೆಕ್ಕ ಕೊಡ್ತೀನಿ, ಬಿಕಾಂ ಓದಿದ್ದು ಯಾವಾಗ ಉಪಯೋಗಕ್ಕೆ ಬರಬೇಕು?

ಜೆರ್ಸಿ 16 ಸೆಟ್: 7,200
ಎರಡು ಟೂರ್ನಿ ಎಂಟ್ರಿ: 5,000
ಬಾಲ್ 3: 2,700
ಟರ್ಫ್ 10 ಗಂಟೆ: 12,000
ಓಡಾಟ: 3,600
ನೀರು, ಬ್ಯಾಂಡೇಜ್, ಸ್ಪ್ರೇ: 1,800
ಒಟ್ಟು: 32,300 ರೂಪಾಯಿ.

ಇದರಲ್ಲಿ ಮೊದಲ ಮೂರು ಕಾಲೇಜ್ ಕೊಟ್ಟಿದ್ದು, 14,900. ಉಳಿದ 17,400 ಹುಡುಗರ ಜೇಬಿಂದ, ತಲೆಗೆ ಹೆಚ್ಚುಕಮ್ಮಿ 1,090. ಅಂದ್ರೆ ಈ "ಕಾಲೇಜ್ ಟೀಮ್"ನ ಅರ್ಧಕ್ಕಿಂತ ಜಾಸ್ತಿ ಖರ್ಚು ಆಡೋರೇ ಹಾಕ್ಕೊಂಡಿದ್ದಾರೆ.

"ಇಷ್ಟು ಖರ್ಚು ಮಾಡಾಗಿದೆ, ಈಗ ಬಿಟ್ರೆ ವೇಸ್ಟ್" ಅಂತ ನಾನು ವಾದ ಮಾಡಲ್ಲ. ಅದು ಸಂಕ್ ಕಾಸ್ಟ್, ಖರ್ಚಾದ ದುಡ್ಡು ಮುಂದಿನ ತೀರ್ಮಾನಕ್ಕೆ ಕಾರಣ ಆಗಬಾರದು ಅಂತ ಕಾಸ್ಟಿಂಗ್ ಕ್ಲಾಸ್‌ನಲ್ಲೇ ಕಲಿತಿದ್ದೀವಿ. ನೋಡಬೇಕಾಗಿದ್ದು ಮುಂದಿನ ವರ್ಷಕ್ಕೆ ಎಷ್ಟು ಬೇಕು ಅನ್ನೋದು. ಜೆರ್ಸಿ ಚೆನ್ನಾಗಿದೆ, ಹೊಸದು ಬೇಡ. ಕಾಲೇಜ್ ಕೊಡಬೇಕಾಗಿರೋದು 7,700. ಗ್ರೌಂಡ್ ಪಕ್ಕಾ ಸಿಕ್ಕಿದ್ರೆ ಟರ್ಫ್ ಖರ್ಚೂ ಇಲ್ಲ. ಫೆಸ್ಟ್‌ನ ಒಂದು ಸಂಜೆಯ ಡಿಜೆ ಬಿಲ್ ನೋಡಿದವರಿಗೆ ಗೊತ್ತು, 7,700 ಅಂದ್ರೆ ಎಷ್ಟು ಅಂತ.

ಇನ್ನು ನಮ್ಮ ಥ್ರೋಬಾಲ್ ಟೀಮ್. ಹುಡುಗೀರು ಈ ವರ್ಷ ಸೆಮಿಫೈನಲ್ ತನಕ ಹೋದ್ರು, ಅವರ ಕೋರ್ಟ್‌ನ ನೆಟ್ ಇನ್ನೂ ಹರಿದೇ ಇದೆ. ಅವರಿಗೆ ದುಡ್ಡು ಕೊಡೋದಕ್ಕೆ ನನ್ನ ಎರಡೂ ಕೈ ಮೇಲೆ. ಆದ್ರೆ "ಫುಟ್‌ಬಾಲ್ ಮುಚ್ಚಿ ಥ್ರೋಬಾಲ್‌ಗೆ ಕೊಡ್ತೀವಿ" ಅನ್ನೋದು ಇಬ್ಬರನ್ನ ಜಗಳಕ್ಕೆ ಬಿಟ್ಟ ಹಾಗೆ. ಅವರ ಕ್ಯಾಪ್ಟನ್ ಅಕ್ಕನೇ ನನಗೆ ಹೇಳಿದ್ದು: "ಇವತ್ತು ನೀವು ಸೋತ್ರಿ ಅಂತ ತೆಗೀತಾರೆ, ನಾಳೆ ನಾವು ಸೋತ್ರೆ?" ನೆಟ್ ಹೊಲಿಸೋಕೆ ಒಂದು ಟೀಮ್ ಮುಚ್ಚಬೇಕಾಗಿಲ್ಲ.

10/10

ಕೆಲವರು ಮಧ್ಯದ ದಾರಿ ಹೇಳ್ತಾರೆ. "ಒಂದು ವರ್ಷ ಬ್ರೇಕ್ ಕೊಡೋಣ, ಆಮೇಲೆ ನೋಡೋಣ." ಕೇಳೋಕೆ ನ್ಯಾಯ ಅನ್ನಿಸುತ್ತೆ. ಆದ್ರೆ ಡಿಗ್ರಿ ಇರೋದೇ ಮೂರು ವರ್ಷ. 16ರಲ್ಲಿ ನಾವು 5 ಜನ ಈ ವರ್ಷ ಹೊರಗೆ. ಉಳಿಯೋದು 11. ಒಂದು ವರ್ಷ ಬಿಟ್ರೆ ಅವರಲ್ಲೂ ಅರ್ಧ ಜನ ಹೋಗ್ತಾರೆ, ಹೊಸದಾಗಿ ಬರೋ ಫಸ್ಟ್ ಇಯರ್‌ಗೆ ಟೀಮ್ ಇತ್ತು ಅನ್ನೋದೇ ಗೊತ್ತಿರಲ್ಲ. ಬೆಳಿಗ್ಗೆ ಆರಕ್ಕೆ ಯಾವ ಗೇಟ್ ತೆಗೆದಿರುತ್ತೆ, ಯಾವ ಅಂಕಲ್ ಹತ್ರ ಕೇಳಬೇಕು, ಆಫ್‌ಸೈಡ್ ಲೈನ್‌ಗೆ ಯಾರು ಕೂಗಬೇಕು, ಇದೆಲ್ಲ ಸೀನಿಯರ್ ಜೂನಿಯರ್‌ಗೆ ಹೇಳಿಕೊಡೋದು. ಒಂದು ಬ್ಯಾಚ್ ತಪ್ಪಿದ್ರೆ ಮತ್ತೆ ಸೊನ್ನೆಯಿಂದ.

ಆ 11 ಜನ ಯಾರು ಅಂತ ಗೊತ್ತಿರಲಿ. ಒಬ್ಬ ಬೆಳಿಗ್ಗೆ ನಾಲ್ಕೂವರೆಗೆ ಬಸವೇಶ್ವರನಗರದಲ್ಲಿ ಹಾಲಿನ ಪ್ಯಾಕೆಟ್ ಹಾಕಿ ಪ್ರಾಕ್ಟೀಸ್‌ಗೆ ಬರ್ತಾನೆ. ಒಬ್ಬ ಕೆಂಗೇರಿಯಿಂದ ಮೆಟ್ರೋದಲ್ಲಿ, ಬ್ಯಾಗ್‌ನಲ್ಲಿ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಜೊತೆ. ಒಬ್ಬ ಮಣಿಪುರದವನು. ಬಂದಾಗ ಅವನಿಗೆ ಕನ್ನಡ ಒಂದಕ್ಷರ ಬರ್ತಿರಲಿಲ್ಲ. ಮೊದಲು ಕಲಿತಿದ್ದು "ಬಿಡೋ", "ಹೊಡಿಯೋ", "ಹಿಂದೆ ನೋಡೋ". ಈಗ ಕ್ಯಾಂಟೀನ್‌ನಲ್ಲಿ ಅಣ್ಣನ ಹತ್ರ ಎಕ್ಸ್‌ಟ್ರಾ ಚಟ್ನಿಗೆ ಕನ್ನಡದಲ್ಲೇ ಜಗಳ ಆಡ್ತಾನೆ. ಈ ವರ್ಷ ನಮ್ಮ ಒಂದೇ ಡ್ರಾ, ಆ 1-1ರ ಗೋಲ್ ಹೊಡೆದಿದ್ದು ಅವನೇ.

ಮೀಟಿಂಗ್‌ಗೆ ನಮ್ಮ ಬೇಡಿಕೆ ಮೂರು.
ಒಂದು, ಎರಡು ವರ್ಷ ಸಮಯ ಕೊಡಿ.
ಎರಡು, ಗ್ರೌಂಡ್‌ಗಾಗಿ ಕಾಲೇಜ್ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಡಿ. ಅದಕ್ಕೆ ಖರ್ಚಿಲ್ಲ.
ಮೂರು, ಷರತ್ತು ಹಾಕಿ. ಸತತ ಮೂರು ಪ್ರಾಕ್ಟೀಸ್‌ಗೆ 7ಕ್ಕಿಂತ ಕಡಿಮೆ ಜನ ಬಂದ್ರೆ ಟೀಮ್ ಮುಚ್ಚಿ. ಹಾಜರಿ ಪುಸ್ತಕ ಪ್ರತಿ ತಿಂಗಳು ಪಿಇಡಿ ಸರ್ ಟೇಬಲ್ ಮೇಲೆ ಇರುತ್ತೆ.

ನಿಮ್ಮ ಹತ್ರ ಕೇಳೋದು ಎರಡೇ. ನಿಮ್ಮ ಕ್ಲಾಸ್ ರೆಪ್ ಆ ಮೀಟಿಂಗ್‌ಗೆ ಹೋಗ್ತಾರೆ, ಅವರಿಗೆ ಇದನ್ನ ಕಳಿಸಿ. ಮುಂದಿನ ವರ್ಷ ಮ್ಯಾಚ್ ಇದ್ದಾಗ ಒಂದು ಸಲ ಬಂದು ಲೈನ್ ಪಕ್ಕ ನಿಂತ್ಕೊಳ್ಳಿ. ಈ ವರ್ಷ 9 ಮ್ಯಾಚ್‌ಗೂ ಸೇರಿ ನಮ್ಮನ್ನ ನೋಡೋಕೆ ಬಂದವರು 14 ಜನ, ಅದನ್ನೂ ಬರೆದಿಟ್ಟಿದ್ದೀನಿ. ಮೀಮ್ ಮಾಡೋರೂ ಬನ್ನಿ ಮಗಾ, ಫೋಟೋ ಹತ್ತಿರದಿಂದ ಚೆನ್ನಾಗಿ ಬರುತ್ತೆ. ನಾನೂ ಅಲ್ಲೇ ಇರ್ತೀನಿ, ಈ ಸಲ ಲೈನ್ ಹೊರಗೆ.

#ಏಳುಜನಇದ್ರೆಮ್ಯಾಚ್ಇದೆ #ನಮ್ಮಕಾಲೇಜ್‌ಫುಟ್‌ಬಾಲ್ #ಪಶ್ಚಿಮಬೆಂಗಳೂರು #ಬಿಕಾಂಹುಡುಗರು